ಸಾದಿಕ್ ಭಾಯ್ ತೆರೆಯಗೊಡದ ಪೆಟ್ಟಿಗೆ

ಸ್ಪೀಕರಿನ ಹಿಂಬದಿಯಲ್ಲಿ, ಅಯಸ್ಕಾಂತದ ಮೇಲೆ, ಕೆಂಪು ನೈಲ್ ಪಾಲಿಶಿನ ಚುಕ್ಕೆ ಇಟ್ಟಿದ್ದು ನಾನೇ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಇಡುವಾಗ ಅಂಗಡಿಯಲ್ಲಿ ಹರಡಿದ ವಾಸನೆ ಕೂಡ ನೆನಪಿದೆ. ಆದರೆ ನನ್ನ ಹೆಂಡತಿ ವನಜಾಕ್ಷಿ, ನಮ್ಮ ಮನೆಗೆ ನೈಲ್ ಪಾಲಿಶ್ ಶೀಶೆ ಬಂದದ್ದೇ ಇಲ್ಲ ಎನ್ನುತ್ತಾಳೆ. ಕೊರಟಗೆರೆಯ ತವರಿನಲ್ಲಿ ಅವಳ ತಂದೆ ಬಿಡುತ್ತಿರಲಿಲ್ಲವಂತೆ, ಇಲ್ಲಿ ಅವಳಿಗೇ ಬೇಕೆನಿಸಲಿಲ್ಲವಂತೆ. ಹಾಗಾದರೆ ಆ ವಾಸನೆ ಎಲ್ಲಿಂದ ಬಂತು? ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ನಾನು. ಅಳತೆ ಇಲ್ಲದ ಮಾತನ್ನು ನಂಬಬಾರದು ಎಂದು ಕಲಿತು ಬಂದವನು. ನೆನಪನ್ನು ಅಳೆಯುವ ಮೀಟರ್ ಇಲ್ಲ. ಆದ್ದರಿಂದ ಕೆಳಗೆ ಬರೆದಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಕಟ್ಟಿಕೊಂಡದ್ದು ಎಂಬ ಅನುಮಾನವನ್ನು ಇಟ್ಟುಕೊಂಡೇ ಓದಿ.

ಮಧುಗಿರಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ ಇತ್ತು. ಆಂಪ್ಲಿಫೈಯರ್ ಆರಿಸಿ ಕೊಡುವುದು, ಮನೆಗಳಿಗೆ ಸ್ಪೀಕರ್ ಪೆಟ್ಟಿಗೆ ಕಟ್ಟಿಸುವುದು, ಕೆಟ್ಟದ್ದನ್ನು ಸರಿ ಮಾಡುವುದು ನನ್ನ ಕೆಲಸ. ಈಗ ಅಂಗಡಿ ಮುಚ್ಚಿದ್ದೇನೆ. ಆದರೂ ಹುಡುಗರು ಹುಡುಕಿಕೊಂಡು ಬರುತ್ತಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಮನೆಯಲ್ಲೇ ಸ್ಪೀಕರ್ ಮಾಡುವ ಹುಮ್ಮಸ್ಸು ಅವರಿಗೆ. ಎಷ್ಟು ವ್ಯಾಟಿನ ಆಂಪ್ಲಿಫೈಯರ್ ತಗೊಳ್ಳೋದು ಸಾರ್ ಎಂಬುದು ಎಲ್ಲರ ಮೊದಲ ಪ್ರಶ್ನೆ. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಸಂಖ್ಯೆಯನ್ನು ನಂಬಬೇಡಿ ಎಂಬುದು ನನ್ನ ಮೊದಲ ಉತ್ತರ. ಅಂಗೈ ಅಗಲದ ಸರ್ಕೀಟ್ ಹಲಗೆ, ಅದಕ್ಕೆ ಲ್ಯಾಪ್‌ಟಾಪಿನ ಚಾರ್ಜರ್. ಇಷ್ಟರಿಂದ ಊರಿಗೆಲ್ಲ ಕೇಳುವ ಶಕ್ತಿ ಬರುತ್ತದೆ ಎಂದು ಅದರ ಮೇಲೆ ಬರೆದಿರುತ್ತಾರೆ. ಒಳಗೆ ಹೋಗುವ ವಿದ್ಯುತ್ತಿಗಿಂತ ಹೊರಗೆ ಬರುವುದು ಹೆಚ್ಚಾಗಲು ಸಾಧ್ಯವಿಲ್ಲ. ಚಾರ್ಜರಿನ ಮೇಲಿನ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ ನೋಡಿದರೆ ಸುಳ್ಳು ಎಷ್ಟು ದೊಡ್ಡದು ಎಂದು ತಿಳಿಯುತ್ತದೆ.

ನಾನು ಕೆಲಸ ಕಲಿತದ್ದು ಕೊರಟಗೆರೆಯ ಒಂದು ರೇಡಿಯೋ ಅಂಗಡಿಯಲ್ಲಿ. ಕಾಲೇಜಿನ ಕೆಲಸ ಸಿಗುವವರೆಗೆ ಎಂದು ಸೇರಿದೆ. ಕಾಲೇಜಿನ ಕೆಲಸ ಸಿಗಲಿಲ್ಲ. ಅಲ್ಲಿನ ಯಜಮಾನರು ಗಿರಾಕಿಯ ಮುಂದೆ ಎರಡು ಆಂಪ್ಲಿಫೈಯರ್ ಇಟ್ಟು, ಒಂದೇ ಹಾಡನ್ನು ಒಂದಾದ ಮೇಲೊಂದರಲ್ಲಿ ಹಾಕಿ ಕೇಳಿಸುತ್ತಿದ್ದರು. ಗಿರಾಕಿ ಪ್ರತಿ ಸಲವೂ ಯಜಮಾನರಿಗೆ ಬೇಕಾದದ್ದನ್ನೇ ಒಪ್ಪುತ್ತಿದ್ದ. ನನಗೆ ಅಚ್ಚರಿಯಾಗುತ್ತಿತ್ತು. ಕೊನೆಗೆ ಅವರ ಬೆರಳುಗಳ ಮೇಲೆ ಕಣ್ಣಿಟ್ಟೆ. ಮಾರಬೇಕಾದ ಸೆಟ್ಟಿನ ಗುಂಡಿಯನ್ನು ಕೂದಲೆಳೆಯಷ್ಟು ಹೆಚ್ಚು ತಿರುಗಿಸುತ್ತಿದ್ದರು. ಸ್ವಲ್ಪ ಜೋರಾದದ್ದು ನಮ್ಮ ಕಿವಿಗೆ ಜೋರು ಎಂದು ಕೇಳುವುದಿಲ್ಲ, ಚೆನ್ನಾಗಿದೆ ಎಂದು ಕೇಳುತ್ತದೆ. ಕೇಳಿದ್ದಕ್ಕೆ ಅವರು, "ನಾನೇನು ಸುಳ್ಳು ಹೇಳಿದ್ನೇನಪ್ಪಾ? ಅವ್ನ ಕಿವೀನೇ ಹೇಳ್ತು" ಎಂದರು. ನಮ್ಮ ಕಿವಿಯನ್ನೇ ನಮ್ಮ ವಿರುದ್ಧ ಸಾಕ್ಷಿಗೆ ನಿಲ್ಲಿಸಬಹುದು ಎಂಬುದನ್ನು ನನಗೆ ವಿಶ್ವವಿದ್ಯಾಲಯ ಹೇಳಿಕೊಟ್ಟಿರಲಿಲ್ಲ.

ಸ್ವಂತ ಅಂಗಡಿ ಇಟ್ಟ ಮೇಲೆ ಗಿರಾಕಿಗಳಿಗೆ ಒಂದು ಸುಲಭದ ಸೂತ್ರ ಹೇಳಿಕೊಟ್ಟೆ. ಸಂಖ್ಯೆ ಓದಬೇಡಿ, ಆಂಪ್ಲಿಫೈಯರನ್ನು ಎತ್ತಿ ನೋಡಿ. ಒಳಗೆ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಇದ್ದರೆ ಭಾರ ಇದ್ದೇ ಇರುತ್ತದೆ. ಇದು ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲೂ ಹರಡಿತು. ಸಂತೆಗೆ ಬಂದವರೆಲ್ಲ ಕುಂಬಳಕಾಯಿ ತೂಗಿದ ಹಾಗೆ ಸೆಟ್ಟುಗಳನ್ನು ಎತ್ತಿ ಇಳಿಸುತ್ತಿದ್ದರು. ಒಂದು ದಿನ ಬಡವನಹಳ್ಳಿಯ ಗಿರಾಕಿಯೊಬ್ಬರು ತುಂಬ ಭಾರದ, ಆದರೆ ಸದ್ದೇ ಇಲ್ಲದ ಆಂಪ್ಲಿಫೈಯರ್ ತಂದರು. ಬಿಚ್ಚಿದರೆ ಒಳಗಿದ್ದದ್ದು ನಿಂಬೆಹಣ್ಣಿನ ಗಾತ್ರದ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಯಾವ ತಂತಿಯೂ ಸೇರದ ಒಂದು ಕಬ್ಬಿಣದ ಗಟ್ಟಿ. ತೂಕಕ್ಕೆಂದೇ ಬೋಲ್ಟ್ ಹಾಕಿ ಕೂರಿಸಿದ್ದರು. ನನ್ನ ಸೂತ್ರ ನನಗಿಂತ ಮುಂಚೆ ಬೆಂಗಳೂರಿಗೆ ತಲುಪಿತ್ತು. ಅಂದಿನಿಂದ ಎತ್ತಿ ನೋಡಿ ಎಂದು ಹೇಳುವುದನ್ನು ಬಿಟ್ಟು, ಬಿಚ್ಚಿ ನೋಡಿ ಎಂದು ಹೇಳತೊಡಗಿದೆ.

ಬಿಚ್ಚಿ ನೋಡಲು ಬಿಡದವರೊಬ್ಬರು ಇದ್ದರು. ಶಿರಾದ ಸಾದಿಕ್ ಭಾಯ್. ನನ್ನ ಸ್ಪೀಕರ್ ಪೆಟ್ಟಿಗೆಗಳನ್ನೆಲ್ಲ ಮಾಡುತ್ತಿದ್ದ ಬಡಗಿ. ನಾನು ಬೆಂಗಳೂರಿನಿಂದ ಸ್ಪೀಕರ್ ತಂದು, ಪೆಟ್ಟಿಗೆಯ ಒಳಗಿನ ಅಳತೆ ಲೆಕ್ಕ ಹಾಕಿ ಕೊಡುತ್ತಿದ್ದೆ. ಅವರು ಹಲಗೆ ಕೊಯ್ದು, ಸ್ಪೀಕರನ್ನು ಒಳಗಿನಿಂದ ಕೂರಿಸಿ, ಮುಂದೆ ಬಟ್ಟೆ ಎಳೆದು ಅಂಟಿಸಿ, ಹಿಂಬದಿಯನ್ನು ಅಂಟು ಮತ್ತು ಮರದ ಪುಡಿ ಕಲಸಿ ಮುಚ್ಚಿಬಿಡುತ್ತಿದ್ದರು. ಅದರ ಮೇಲೆ ರೆಕ್ಸಿನ್. ಒಂದು ಸ್ಕ್ರೂ ಕಾಣುತ್ತಿರಲಿಲ್ಲ. ಪೆಟ್ಟಿಗೆಯಿಂದ ಗಾಳಿ ಸೋರದಿದ್ದರೆ ಮಂದ್ರ ಸ್ವರ ಗಟ್ಟಿಯಾಗಿ ಬರುತ್ತದೆ, ಹಾಗಾಗಿ ನನಗೂ ಅದು ಒಪ್ಪಿಗೆಯೇ. ಅವರ ಕೆಲವು ನಂಬಿಕೆಗಳು ಮಾತ್ರ ನನಗೆ ತಲೆನೋವು. ಬೇವಿನ ಹಲಗೆ ಹಾಕಿದರೆ ಹೆಣ್ಣು ದನಿ ಇಂಪಾಗುತ್ತದೆ ಎಂದು ವಾದಿಸುತ್ತಿದ್ದರು. ಬೇವಿನ ಪೆಟ್ಟಿಗೆ, ಪ್ಲೈವುಡ್ ಪೆಟ್ಟಿಗೆ ಎರಡನ್ನೂ ಪರದೆಯ ಹಿಂದೆ ಇಟ್ಟು ಕೇಳಿಸಿದೆ. ಅವರು ಪ್ಲೈವುಡ್ಡಿನ ಕಡೆ ಕೈ ತೋರಿಸಿ ಇದೇ ಬೇವು ಎಂದರು. ಪರದೆ ಸರಿಸಿದಾಗ ನಕ್ಕು, "ಪರದೆ ಹಾಕಿದ್ರೆ ನಮ್ ಕಿವಿ ನಾಚ್ಕೋತದೆ ಸಾರ್" ಎಂದರು.

ಹನುಮಂತರಾಯಪ್ಪ ಮೇಷ್ಟ್ರು ನಮ್ಮಲ್ಲಿಗೆ ಬಂದದ್ದು ಆ ಕಾಲದಲ್ಲೇ. ನಾಗಲಮಡಿಕೆಯ ಹತ್ತಿರದ ಹಳ್ಳಿಯವರು, ಪ್ರೌಢಶಾಲೆಯ ಶಿಕ್ಷಕರು. ಪೌರಾಣಿಕ ನಾಟಕಗಳಲ್ಲಿ ಕರ್ಣನ ಪಾತ್ರ ಕಟ್ಟುತ್ತಿದ್ದರು. ತಮ್ಮ ತಂಡದ ನಾಟಕಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಹಾರ್ಮೋನಿಯಂ ಎದುರಿಗೇ ಇಟ್ಟು ನುಡಿಸಿದ ಹಾಗೆ ಕೇಳಬೇಕು, ಪದ್ಯದ ಒಂದೊಂದು ಅಕ್ಷರವೂ ಬಿಡಿಸಿ ಬರಬೇಕು ಎಂದರು. ಎರಡು ಸಾಧಾರಣ ಪೆಟ್ಟಿಗೆಗಿಂತ ಒಂದು ಒಳ್ಳೆಯದು ಮೇಲು ಎಂದು ಹೇಳಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ದೊಡ್ಡ ಅಯಸ್ಕಾಂತದ ಒಂದು ದುಬಾರಿ ಸ್ಪೀಕರ್ ತಂದೆ. ಅದೇ ಹೆಸರಿನ ನಕಲಿ ಸ್ಪೀಕರುಗಳು ಆಗ ಮಾರುಕಟ್ಟೆಗೆ ಬಂದಿದ್ದವು. ಮುಂದಿನಿಂದ ನೋಡಿದರೆ ವ್ಯತ್ಯಾಸವಿಲ್ಲ, ಹಿಂದೆ ಮಾತ್ರ ಸಣ್ಣ ಅಯಸ್ಕಾಂತಕ್ಕೆ ದೊಡ್ಡ ತಗಡಿನ ಟೋಪಿ. ಅದಕ್ಕೇ ನಾನು ಗುರುತು ಹಾಕಿದ್ದು. ಅಥವಾ ಹಾಕಿದೆ ಎಂದುಕೊಂಡದ್ದು. ಆಯುಧಪೂಜೆಯ ರಜೆ ಮುಗಿದ ಮಾರನೆಯ ದಿನ ಅದನ್ನು ಶಿರಾಕ್ಕೆ ಕಳಿಸಿದೆ.

ದೀಪಾವಳಿ ಕಳೆದು ಪೆಟ್ಟಿಗೆಯನ್ನು ಮೇಷ್ಟ್ರ ಮನೆಯಲ್ಲಿ ಕೂರಿಸಿದೆವು. ಹಾರ್ಮೋನಿಯಂ ಶುರುವಾದ ಕೂಡಲೇ ಮೇಷ್ಟ್ರು ಕುಳಿತಲ್ಲಿಂದ ಎದ್ದು ನಿಂತರು. ತಮ್ಮದೇ ಪದ್ಯ ಬಂದಾಗ ಕೈ ಎತ್ತಿ ಕರ್ಣನ ಭಂಗಿಯಲ್ಲಿ ನಿಂತದ್ದು ಚೆನ್ನಾಗಿ ನೆನಪಿದೆ. ಕೋಣೆ ಹೇಗಿತ್ತು ಎಂಬುದು ನೆನಪಿಲ್ಲ. ಮುಖ್ಯವಾದದ್ದು ಅದೇ ಆಗಿತ್ತು.

ಬೇಸಿಗೆಯ ಮೊದಲ ಬಿಸಿಲಿನಲ್ಲಿ ಮೇಷ್ಟ್ರು ಅಂಗಡಿಗೆ ಬಂದರು. ಕುಳಿತುಕೊಳ್ಳಲಿಲ್ಲ.

"ನಮ್ ಸ್ಪೀಕರ್ ಬದಲಾಗದೆ ಸಾರ್. ತಗಡು ಬಡದಂಗೆ ಕೇಳ್ತದೆ. ಮಾತು ಒಂದ್ರ ಮೇಲೊಂದು ಬೀಳ್ತವೆ. ಮೊದ್ಲಿನ ದಿನ ಕೇಳಿಸಿದ್ದೇ ಬೇರೆ, ಈಗ ಒಳಗಿರೋದೇ ಬೇರೆ."

ಪೆಟ್ಟಿಗೆ ನಿಮ್ಮ ಮನೆಯಲ್ಲೇ ಇದೆಯಲ್ಲ, ಹೇಗೆ ಬದಲಾಗುತ್ತದೆ ಎಂದೆ. ಅವರು ಎಲ್ಲ ಯೋಚಿಸಿಕೊಂಡು ಬಂದಿದ್ದರು. ನಕಲಿ ಸ್ಪೀಕರ್ ಹೊಸದರಲ್ಲಿ ಚೆನ್ನಾಗಿ ಕೇಳಿ ಎರಡೇ ತಿಂಗಳಿಗೆ ಸೋಲುತ್ತದಂತೆ, ಯಾರೋ ಹೇಳಿದರಂತೆ. ಶಿರಾದಲ್ಲಿ ಅಸಲಿಯನ್ನು ಇಟ್ಟುಕೊಂಡು ನಕಲಿಯನ್ನು ಒಳಗೆ ಹಾಕಿ ಅಂಟು ಬಳಿದಿದ್ದಾರೆ ಎಂಬುದು ಅವರ ತೀರ್ಮಾನ. "ಮುಚ್ಚಿಡಬೇಕಾದ್ದೇನೂ ಇಲ್ದಿದ್ರೆ ಸ್ಕ್ರೂ ಯಾಕ್ ಹಾಕಲ್ಲ ಅವ್ರು?" ಎಂದು ಕೇಳಿದರು.

ಮೀಟರು ಹಿಡಿದುಕೊಂಡು ಅವರ ಜೊತೆಯಲ್ಲೇ ಹೋದೆ. ದೂರು ನಿಜ. ಪದ್ಯ ಗವಿಯೊಳಗಿಂದ ಬಂದ ಹಾಗೆ ಕಲಸಿಕೊಂಡಿತ್ತು, ಹಾರ್ಮೋನಿಯಂ ಕೀರಲಾಗಿತ್ತು. ಸ್ಪೀಕರಿನೊಳಗಿನ ತಂತಿ ಸುರುಳಿಯ ಅಳತೆ ತೆಗೆದೆ, ಸರಿ ಇತ್ತು. ಆದರೆ ನಕಲಿಯಲ್ಲೂ ಆ ಅಳತೆ ಸರಿಯಾಗೇ ಇರುತ್ತದೆ. ಆಂಪ್ಲಿಫೈಯರ್ ಬದಲಿಸಿ ನೋಡಿದೆ, ಅದೇ ಸದ್ದು. ಹಾಗಾದರೆ ಪೆಟ್ಟಿಗೆ ತೆರೆಯೋಣ, ನನ್ನ ಕೆಂಪು ಗುರುತು ಇದೆಯೋ ಇಲ್ಲವೋ ನೋಡಿಬಿಡೋಣ ಎಂದೆ. ಅಂಟು ಹಾಕಿದ ಪೆಟ್ಟಿಗೆ ತೆರೆಯುವುದೆಂದರೆ ಒಡೆಯುವುದು. ಮೇಷ್ಟ್ರು ಒಪ್ಪಲಿಲ್ಲ. ಒಡೆದ ಮೇಲೆ ಅಸಲಿ ಎಂದು ಗೊತ್ತಾದರೆ ಪೆಟ್ಟಿಗೆ ಯಾರು ಕೊಡುತ್ತಾರೆ ಎಂದರು. ಮೊದಲು ಶಿರಾದವರೇ ಬಂದು ತೆರೆಯಲಿ ಎಂದರು.

ಶಿರಾಕ್ಕೆ ಹೋದೆ. ಸಾದಿಕ್ ಭಾಯ್ ಮಂಚವೊಂದಕ್ಕೆ ಉಜ್ಜುಕೊರಡು ಹಾಕುತ್ತಿದ್ದರು. ನಾನು ಹೇಳುವುದನ್ನು ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ. ಅಷ್ಟರಲ್ಲಿ ನನ್ನ ಕಣ್ಣಿಗೆ ಗೋಡೆಯ ಮೊಳೆಯಲ್ಲಿ ನೇತು ಹಾಕಿದ್ದ ಒಂದು ಸ್ಪೀಕರ್ ಬಿತ್ತು. ಅದೇ ಹೆಸರು, ಅದೇ ಗಾತ್ರ. ಇದೇನು ಎಂದೆ.

"ಅಳತೆಗೆ. ಹಲಗೆ ಮೇಲೆ ಬೋರ್ಲಾಕಿ ಸುತ್ತ ಪೆನ್ಸಿಲ್ ಎಳೀತೀನಿ. ಸುಟ್ಟೋಗಿರೋ ಮಾಲು."

ಅದರ ಕಾಗದದ ಶಂಕು ಹರಿದಿತ್ತು ಎಂದು ನನ್ನ ನೆನಪು. ಹರಿದಿದ್ದರೆ ಅದು ನಿಜವಾಗಿಯೂ ಅಳತೆಯ ಮಾಲು. ಆದರೆ ಹರಿದಿತ್ತು ಎಂಬುದು ಸಾದಿಕ್ ಭಾಯ್ ಸುಟ್ಟಿದೆ ಎಂದ ಮೇಲೆ ನನ್ನ ತಲೆ ಸೇರಿಸಿಕೊಂಡದ್ದೂ ಇರಬಹುದು. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಬಹುದಿತ್ತು. ಆದರೆ ಅವರ ಮುಖ ನೋಡಿದೆ, ಕೈ ಮುಂದೆ ಹೋಗಲಿಲ್ಲ. ಪೆಟ್ಟಿಗೆಯನ್ನು ನೀವೇ ಬಂದು ತೆರೆದರೆ ಮಾತು ಮುಗಿಯುತ್ತದೆ ಎಂದೆ.

"ಮುಗಿಯಲ್ಲ ಸಾರ್," ಎಂದರು. "ಮೇಷ್ಟ್ರಿಗೆ ನಾನು ಯಾರೋ. ಅವ್ರು ಕೇಳ್ಲಿ, ತಪ್ಪಿಲ್ಲ. ನೀವು ಕೇಳಿದ್ಮೇಲೆ ತೆಗೆದ್ರೆ, ಒಳಗೆ ಏನೇ ಸಿಗ್ಲಿ, ಸಾದಿಕ್ ಕಳ್ಳ ಅಂತ ಒಂದ್ಸಲ ಅಂದಂಗೇ ಆಯ್ತು. ನಾನು ತೆಗೆಯಲ್ಲ. ನಿಮಗೆ ಬೇಕಾದ್ರೆ ಕೊಡ್ಲಿ ತಗೊಂಡು ಒಡೀರಿ."

ಅನುಮಾನವೆಂದರೆ ಆಪಾದನೆಯಲ್ಲ, ಪರೀಕ್ಷೆ ಮಾಡಿದರೆ ನಿಮಗೇ ಒಳ್ಳೆಯದು ಎಂದು ವಿವರಿಸಿದೆ. ನನ್ನನ್ನೇ ನಾನು ಪರೀಕ್ಷೆ ಮಾಡಿಕೊಳ್ಳುತ್ತೇನಲ್ಲ ಎಂದೂ ಹೇಳಿದೆ.

"ಅದು ಗೊತ್ತು ಬುಡಿ. ನಿಮಗೆ ನಿಮ್ ಮೇಲೇ ಭರೋಸಾ ಇಲ್ಲ, ನನ್ ಮೇಲೆ ಹೆಂಗ್ ಬರ್ತದೆ," ಎಂದು ಮತ್ತೆ ಉಜ್ಜತೊಡಗಿದರು.

ಮೇಷ್ಟ್ರ ಮಾತು ಪಾವಗಡದ ಕಡೆ ಹಬ್ಬಿತು. ಶಿರಾದ ಪೆಟ್ಟಿಗೆ ಬೇಡ ಎಂದು ಜನ ಬಾಯಿ ಬಿಟ್ಟೇ ಹೇಳತೊಡಗಿದರು. ಐ.ಡಿ.ಹಳ್ಳಿಯ ಗಿರಾಕಿಯೊಬ್ಬರು ಸ್ಪೀಕರ್ ಕೂರಿಸುವವರೆಗೂ ಪಕ್ಕದಲ್ಲೇ ನಿಂತಿರುತ್ತೇನೆ ಎಂದು ಶಿರಾಕ್ಕೇ ಹೋಗಿ ಕುಳಿತರು. ಸಾದಿಕ್ ಭಾಯ್ ಅವರಿಗೆ ಚಹಾ ತರಿಸಿಕೊಟ್ಟರು. ಆದರೆ ಆ ಪೆಟ್ಟಿಗೆ ನನ್ನ ಅಂಗಡಿಗೆ ಬಂದಾಗ ಅದರ ಹಿಂಬದಿಗೆ ಅಂಟು ಇರಲಿಲ್ಲ. ಸುತ್ತ ಸಾಲಾಗಿ ಹಿತ್ತಾಳೆಯ ಸ್ಕ್ರೂಗಳು, ಮದುವೆ ಹೆಣ್ಣಿನ ಒಡವೆಯ ಹಾಗೆ ಹೊಳೆಯುತ್ತಿದ್ದವು. ಒಂದು ಸ್ಕ್ರೂಡ್ರೈವರನ್ನೂ ದಾರದಿಂದ ಕಟ್ಟಿ ಕಳಿಸಿದ್ದರು. ಫೋನ್ ಮಾಡಿ ಇದೇನು ಎಂದೆ. "ತೆಗೆದ್ ನೋಡ್ಕಳಿ ಸಾರ್, ದಿನಾ ನೋಡ್ಕಳಿ," ಎಂದರು.

ಸ್ಕ್ರೂ ಹಾಕಿದ ಪೆಟ್ಟಿಗೆ ಸಂದಿಯಲ್ಲಿ ಗಾಳಿ ಸೋರುತ್ತದೆ. ಜೋರಾಗಿ ಹಾಕಿದರೆ ಹಿಂಬದಿ ಗುಂಯ್‌ಗುಡುತ್ತದೆ. ನಾನು ಸಂದಿಗೆ ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿ ಹಾಕುವುದನ್ನು ಕಲಿತೆ. ಆದರೂ ಅಂಟಿನ ಪೆಟ್ಟಿಗೆಯ ಮಂದ್ರ ಮತ್ತೆ ಬರಲಿಲ್ಲ. ನಮ್ಮ ಕಡೆಯ ಹಳೆಯ ಪೆಟ್ಟಿಗೆಗಳಲ್ಲಿ ಕೆಲವು ಅಂಟಿನವು, ಕೆಲವು ಸ್ಕ್ರೂವಿನವು ಯಾಕೆ ಎಂದು ಈಗಿನ ಹುಡುಗರು ಕೇಳುತ್ತಾರೆ. ತಂತ್ರಜ್ಞಾನ ಬದಲಾಯಿತು ಎಂದುಕೊಳ್ಳುತ್ತಾರೆ. ಬದಲಾದದ್ದು ತಂತ್ರಜ್ಞಾನವಲ್ಲ.

ಮುಂದಿನ ಕಾರ್ತಿಕದಲ್ಲಿ ಮೇಷ್ಟ್ರು ಮತ್ತೆ ಬಂದರು. ಈ ಸಲ ಇನ್ನೂ ಹೆಚ್ಚು ಅನುಮಾನ ಹೊತ್ತುಕೊಂಡು.

"ನಿಜ ಹೇಳಿ ಸಾರ್. ನಾವಿಲ್ಲದಾಗ ಬಂದು ಸ್ಪೀಕರ್ ಬದಲಾಯಿಸಿದ್ರಾ?"

ಏನಾಯಿತು ಎಂದೆ. ಸ್ಪೀಕರ್ ತಾನಾಗಿಯೇ ಸರಿಯಾಗಿದೆಯಂತೆ. ಹಾರ್ಮೋನಿಯಂ ಮೊದಲ ದಿನದ ಹಾಗೆಯೇ ಕೇಳುತ್ತಿದೆಯಂತೆ. ಶಿರಾದವರು ಹೆದರಿ ಗುಟ್ಟಾಗಿ ಅಸಲಿಯನ್ನು ತಂದು ಹಾಕಿ ಹೋಗಿದ್ದಾರೆ ಎಂದು ಅವರ ಊಹೆ. ಅಂಟು ಒಡೆಯದೆ ಹೇಗೆ ಹಾಕುತ್ತಾರೆ ಎಂದು ಕೇಳಿದರೆ, ಅದನ್ನೇ ನಾನು ನಿಮ್ಮನ್ನು ಕೇಳೋಕೆ ಬಂದದ್ದು ಎಂದರು.

ಮತ್ತೆ ಹೋದೆ. ಬಾಗಿಲು ದಾಟಿದ ಕೂಡಲೇ ನಿಂತುಬಿಟ್ಟೆ. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ಗೋಡೆಗಳ ಉದ್ದಕ್ಕೂ ತೊಲೆಯವರೆಗೆ ಕಡಲೆಕಾಯಿ ಮೂಟೆಗಳು. ಹೊಲದಿಂದ ಬಂದ ಕಾಯಿಯನ್ನು ಒಳ್ಳೆಯ ಧಾರಣೆ ಬರುವವರೆಗೆ ಮನೆಯೊಳಗೇ ಒಟ್ಟುವುದು ಆ ಕಡೆಯ ಪದ್ಧತಿ. ಸಂಕ್ರಾಂತಿ ಕಳೆದು ಅವು ಹೋದರೆ ಉಳಿಯುವುದು ಕಡಪ ಕಲ್ಲಿನ ನೆಲ, ಗಾರೆ ಗೋಡೆ, ಬರಿ ಕೋಣೆ. ಗೋಣಿಚೀಲದ ಕಾಯಿ ಸದ್ದನ್ನು ನುಂಗುತ್ತದೆ. ಕಲ್ಲು ಮತ್ತು ಗಾರೆ ಅದನ್ನು ಹಿಂದಕ್ಕೆ ಎಸೆಯುತ್ತವೆ. ಹೋದ ವರ್ಷ ನಾವು ಪೆಟ್ಟಿಗೆ ಕೂರಿಸಿದ ದಿನವೂ ಈ ಮೂಟೆಗಳು ಇದ್ದಿರಲೇಬೇಕು. ನನಗೆ ಕಂಡಿರಲಿಲ್ಲ, ಅಥವಾ ಕಂಡದ್ದು ನೆನಪಿನಲ್ಲಿ ನಿಂತಿರಲಿಲ್ಲ.

ಮೇಷ್ಟ್ರ ಹೆಂಡತಿಯನ್ನು ಕೇಳಿಕೊಂಡು, ಆಳುಗಳಿಂದ ಒಂದು ಗೋಡೆಯ ಮೂಟೆಗಳನ್ನೆಲ್ಲ ಪಡಸಾಲೆಗೆ ಹೊರಿಸಿದೆ. ಕ್ಯಾಸೆಟ್ ಹಾಕಿದೆವು, ಕೀರಲು ಅರ್ಧ ಮರಳಿ ಬಂತು. ಮೂಟೆ ಒಳಗೆ ತಂದೆವು, ಹೋಯಿತು. ಮೇಷ್ಟ್ರು ತಲೆ ಮೇಲೆ ಕೈ ಇಟ್ಟುಕೊಂಡು ಮೂಟೆಯ ಮೇಲೆಯೇ ಕುಳಿತರು. ಅವರ ಹೆಂಡತಿ ತೆಲುಗಿನಲ್ಲಿ ಏನೋ ಹೇಳಿ ನಗತೊಡಗಿದರು. ಆಮೇಲೆ ನನಗಾಗಿ ಕನ್ನಡದಲ್ಲಿ ಹೇಳಿದರು: "ಇವ್ರ ಪದ್ಯ ಕೇಳಾಕೆ ವರ್ಷೆಲ್ಲಾ ಕಾಯಿ ಮಾರದಂಗೆ ಇಟ್ಕಂಡು, ನಾವು ಉಪಾಸ ಕುಂತ್ಕಬೇಕೇನಪ್ಪಾ?" ಮೂಟೆ ಹೋದ ಮೇಲೆ ಆ ಗೋಡೆಗೆ ಹಳೆಯ ಕೌದಿಗಳನ್ನು ತೂಗುಬಿಡಿ ಎಂದು ಹೇಳಿ ಬಂದೆ. ಮನೆಯಲ್ಲಿ ಸ್ಪೀಕರ್ ಕಟ್ಟುವವರಿಗೆ ನಾನು ಹೇಳುವುದೂ ಅಷ್ಟೇ. ಆಂಪ್ಲಿಫೈಯರ್ ಆರಿಸುವ ಮುಂಚೆ ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಅದರ ಸದ್ದು ಕೂಡಲೇ ನಿಲ್ಲದೆ ಬಾಲ ಎಳೆದರೆ, ಎಷ್ಟು ದುಬಾರಿಯ ಸೆಟ್ ತಂದರೂ ಅದೇ ಬಾಲ ಅದಕ್ಕೂ ಅಂಟುತ್ತದೆ.

ಮೇಷ್ಟ್ರು ಶಿರಾಕ್ಕೆ ಹೋಗಿ ಸಾದಿಕ್ ಭಾಯ್ ಕೈ ಹಿಡಿದುಕೊಂಡು ತಪ್ಪಾಯಿತು ಎಂದರು. ಅವರ ಮಟ್ಟಿಗೆ ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಮುಗಿಯಲಿಲ್ಲ. ಸದ್ದು ಬದಲಾದದ್ದಕ್ಕೆ ಕಾರಣ ಮೂಟೆ ಎಂಬುದು ಸಾಬೀತಾಯಿತು. ಪೆಟ್ಟಿಗೆಯೊಳಗೆ ಯಾವ ಸ್ಪೀಕರ್ ಇದೆ ಎಂಬುದು ಸಾಬೀತಾಗಲಿಲ್ಲ. ಅವೆರಡು ಬೇರೆ ಪ್ರಶ್ನೆಗಳು. ಮೂಟೆಗಳ ನಡುವೆ ನಕಲಿಯೂ ಚೆನ್ನಾಗಿಯೇ ಕೇಳಬಹುದಿತ್ತು. ಈಗ ನಂಬಿಕೆ ಬಂತಾ ಸಾರ್ ಎಂದು ಸಾದಿಕ್ ಭಾಯ್ ಒಮ್ಮೆ ಕೇಳಿದರು. ನಾನು ಈ ತರ್ಕವನ್ನೇ ಹೇಳಿದೆ. ಅವರು ಕೇಳಿಸಿಕೊಂಡು ತಲೆಯಾಡಿಸಿದರು. ಸ್ಕ್ರೂಗಳು ಮಾತ್ರ ಹಾಗೆಯೇ ಮುಂದುವರಿದವು, ನಾನು ಅಂಗಡಿ ಮುಚ್ಚುವವರೆಗೂ.

ಹೋದ ವರ್ಷ ಮೇಷ್ಟ್ರ ಮಗಳು ಆ ಪೆಟ್ಟಿಗೆಯನ್ನು ಕಾರಿನಲ್ಲಿ ತಂದಳು. ಪಾವಗಡದಲ್ಲಿ ಅವಳೂ ಶಿಕ್ಷಕಿ. ಅಪ್ಪನ ಕ್ಯಾಸೆಟ್ಟುಗಳನ್ನೆಲ್ಲ ಮೊಬೈಲಿಗೆ ಹಾಕಿಸಿದ್ದಳು. ಈಗ ಆಂಪ್ಲಿಫೈಯರ್, ಬ್ಲೂಟೂತ್ ಎರಡನ್ನೂ ಪೆಟ್ಟಿಗೆಯೊಳಗೇ ಕೂರಿಸಿಕೊಡಬೇಕು, ಅಪ್ಪನಿಗೆ ಮಂಚದಲ್ಲಿ ಮಲಗಿಕೊಂಡೇ ಪದ್ಯ ಹಾಕಿಕೊಳ್ಳಲು ಆಗಬೇಕು ಎಂದಳು. ಪೆಟ್ಟಿಗೆ ಒಡೆಯಬೇಕಾಗುತ್ತದೆ ಎಂದೆ. ಒಡೆಯಿರಿ ಅಂಕಲ್, ಹಿಂದಕ್ಕೆ ಹೊಸ ಹಲಗೆ ಹಾಕಿಸೋಣ ಎಂದಳು. ಅವಳಿಗೆ ಹಿಂದಿನದೇನೂ ಗೊತ್ತಿರಲಿಲ್ಲ.

ನಾನೇ ಒಡೆಯಬಹುದಿತ್ತು. ಒಡೆಯಲಿಲ್ಲ. ಪೆಟ್ಟಿಗೆಯನ್ನು ಶಿರಾಕ್ಕೆ ತೆಗೆದುಕೊಂಡು ಹೋದೆ. ವನಜಾಕ್ಷಿಯೂ ಬಂದಳು, ಬರುವೆನೆಂದು ಅವಳೇ ಹಠ ಹಿಡಿದಳು. ದಾರಿಯಲ್ಲಿ ನೈಲ್ ಪಾಲಿಶಿನ ಮಾತು ಮತ್ತೆ ತೆಗೆದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡು, ಇಲ್ಲದ ಶೀಶೆಯಿಂದ ಬಣ್ಣ ಹೇಗೆ ತೆಗೆದಿರಿ ಎಂದು ಕೇಳಿದಳು.

ಸಾದಿಕ್ ಭಾಯ್ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಪೆಟ್ಟಿಗೆಯನ್ನು ನೋಡಿ ಕೂಡಲೇ ಗುರುತು ಹಿಡಿದರು. ರೆಕ್ಸಿನ್ ಮೇಲೆ ಒಮ್ಮೆ ಅಂಗೈ ಆಡಿಸಿದರು.

"ಮೇಷ್ಟ್ರು ಇನ್ನೂ ಅವ್ರಾ?"

ಇದ್ದಾರೆ, ಅವರಿಗೋಸ್ಕರವೇ ತೆರೆಯುತ್ತಿರುವುದು ಎಂದೆ.

"ನಿಮಗೋಸ್ಕರ ಅಲ್ಲ ತಾನೇ?"

ಇಬ್ಬರಿಗೂ ಎಂದೆ. ಅವರು ನಕ್ಕರು. ಉಳಿ ತೆಗೆದುಕೊಂಡು ಹಿಂಬದಿಯ ಅಂಚಿಗೆ ಇಟ್ಟು, ಕೊಡತಿಯಿಂದ ನಿಧಾನವಾಗಿ ತಟ್ಟುತ್ತ ಸುತ್ತಲೂ ಬಂದರು. ಹಳೆಯ ಅಂಟು ಬೆಲ್ಲದ ಪಾಕದ ಹಾಗೆ ಪಟಪಟ ಒಡೆಯಿತು. ಹಲಗೆ ಸಡಿಲವಾದ ಕೂಡಲೇ ಉಳಿಯನ್ನು ಕೆಳಗಿಟ್ಟರು.

"ನೀವೇ ಎತ್ತಿ ನೋಡ್ಕಳಿ. ನಾನು ನೋಡಲ್ಲ," ಎಂದು, ವನಜಾಕ್ಷಿಗೆ "ಬನ್ನಿ ಅಕ್ಕಾ, ಒಳಗೆ ಚಾ ಆಗದೆ" ಎಂದು ಹೇಳಿ ಬಾಗಿಲ ಕಡೆ ನಡೆದರು. ವನಜಾಕ್ಷಿ ಹೋಗಲಿಲ್ಲ.

ಹಲಗೆ ಎತ್ತಿದೆ. ಒಳಗಿನ ಹತ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ಸರಿಸಿದೆ. ಅಯಸ್ಕಾಂತಕ್ಕೆ ತಗಡಿನ ಟೋಪಿ ಇರಲಿಲ್ಲ, ಪೂರ್ತಿ ದಪ್ಪದ ಅಸಲಿ ಅಯಸ್ಕಾಂತ. ಅದರ ನಡುವೆ ಒಂದು ಕೆಂಪು ಚುಕ್ಕೆ. ಬೆರಳ ತುದಿಯಷ್ಟೇ ಅಗಲ.

ನಾನು ಹಾಕಿದ್ದೇ ಎಂದು ಬಾಯಿಗೆ ಬಂದಿತ್ತು. ವನಜಾಕ್ಷಿ ಬಗ್ಗಿ ನೋಡಿ, "ಇದು ನಾನಿಟ್ಟಿದ್ದು ಕಣ್ರೀ. ಆ ವರ್ಷ ಆಯುಧಪೂಜೇಲಿ ಅಂಗಡಿ ಸಾಮಾನಿಗೆಲ್ಲ ಇಡ್ತಾ ಬಂದೆನಲ್ಲ. ನೀವು ಬಾಗಿಲಲ್ಲಿ ನಿಂತ್ಕೊಂಡು ಇದೆಲ್ಲ ಯಾಕೆ ಅಂತಿದ್ರಿ" ಎಂದಳು.

ಅವಳ ನೆನಪೂ ನೆನಪೇ. ಹೂಜಿಯಿಂದ ಒಂದು ಹನಿ ನೀರು ತೆಗೆದುಕೊಂಡು ಬೆರಳಿನಿಂದ ಉಜ್ಜಿದೆ. ನೈಲ್ ಪಾಲಿಶ್ ನೀರಿಗೆ ಬಿಡುವುದಿಲ್ಲ. ಇದು ಬಿಟ್ಟಿತು. ಬೆರಳು ಕೆಂಪಾಯಿತು. ಕುಂಕುಮ.